ಬೆನ್ನಿಗೆ ಬಿದ್ದ ಹಾಲು

ಹಿಂದಿನಿಂದ ಯಾರೋ ಓಡಿ ಬರುತ್ತಿದ್ದರು.

ಮಾದೇವಿ ಪೆಡಲನ್ನು ಜೋರಾಗಿ ತುಳಿದಳು. ಹೆಜ್ಜೆಯ ಸದ್ದೂ ಜೋರಾಯಿತು. ನಿಧಾನ ಮಾಡಿದಳು. ಅದೂ ನಿಧಾನವಾಯಿತು. ನಾಲೆಯ ಏರಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಆಳೆತ್ತರದ ಕಬ್ಬು. ಕೂಗಿದರೆ ಕೇಳುವವರು ಯಾರೂ ಇಲ್ಲ.

ಹೆದರಿಕೊಂಡು ಸಾಯುವುದಕ್ಕಿಂತ ಜಗಳ ಮಾಡಿ ಸಾಯುವುದು ವಾಸಿ ಎನ್ನಿಸಿತು. ಸೈಕಲ್ಲಿನಿಂದ ಧುಮುಕಿ, ಫ್ರೇಮಿಗೆ ಸಿಕ್ಕಿಸಿದ್ದ ಗಾಳಿ ಪಂಪನ್ನು ಕಿತ್ತು ಕೈಯಲ್ಲಿ ಹಿಡಿದಳು.

"ಇನ್ನೊಂದೆಜ್ಜೆ ಮುಂದಕ್ಕಿಟ್ರೆ ತಲೆ ಒಡೆದ್ಬುಡ್ತೀನಿ!"

ಬಂದವನು ನಿಂತ. ಬನಿಯನ್ನು, ಖಾಕಿ ಚಡ್ಡಿ, ಹೆಬ್ಬೆರಳು ಹೊರಗೆ ಇಣುಕುವ ಕ್ಯಾನ್ವಾಸ್ ಶೂ. ಮೊಣಕಾಲಿಗೆ ಕೈಯೂರಿ ಬಗ್ಗಿ ಏದುಸಿರು ಬಿಡುತ್ತಾ ಹೇಳಿದ, "ಒಡೀರಿ... ಆದ್ರೆ ಸ್ವಲ್ಪ ತಡ್ಕಳಿ... ಉಸ್ರು ತಕ್ಕತೀನಿ."

"ಯಾಕ್ ನನ್ನಿಂದೆ ಬತ್ತಿದ್ದೀಯ?"

"ನಾನೆಲ್ಲಿ ಬಂದೆ? ನೀವೇ ನನ್ ಮುಂದೆ ಓಯ್ತಿದ್ರಿ."

"ನಾನು ಜೋರು ಮಾಡಿದ್ರೆ ಜೋರು, ನಿಧಾನ ಮಾಡಿದ್ರೆ ನಿಧಾನ. ನಾನೇನು ಕಿವುಡಿ ಅಂದ್ಕಂಡ?"

ಅವನು ತಲೆಯೆತ್ತಿದ. ಮುಖದ ತುಂಬ ಬೆವರು. ಬೆವರಿನ ನಡುವೆ ನಗು.

"ಪೊಲೀಸ್ ಸೆಲೆಕ್ಷನ್ ಅದೆ ಕಣ್ರೀ. ಒಬ್ನೇ ಓಡಿದ್ರೆ ಕಾಲು ಸೋಮಾರಿ ಆಯ್ತವೆ. ನಿಮ್ಮ ಹಿಂದಿನ ಚಕ್ರ ನೋಡ್ಕಂಡು ಓಡ್ದೆ. ಇವತ್ತು ಓಡ್ದಂಗೆ ಎಂದೂ ಓಡಿರ್ನಿಲ್ಲ. ಬೇಕಾದ್ರೆ ಒಂದೇಟು ಒಡೆದ್ಬುಡಿ, ನಾಳೆನೂ ಬನ್ನಿ."

ಅವಳಿಗೆ ನಗು ಬಂತು. ನಗಬಾರದು ಎಂದು ಕಬ್ಬಿನ ಕಡೆ ಮುಖ ತಿರುಗಿಸಿದಳು. ಪಂಪನ್ನು ಮಾತ್ರ ಕೆಳಗಿಳಿಸಲಿಲ್ಲ.

ಅದು ತೊಂಬತ್ನಾಲ್ಕನೇ ಇಸವಿಯ ಜನವರಿ. ಪಾಂಡವಪುರದ ಹೊಸ ಬಡಾವಣೆಯಿಂದ ರೈಲ್ವೆ ಸ್ಟೇಷನ್ ಕಡೆಗೆ ಹೋಗಲು ಎರಡು ದಾರಿ. ಒಂದು ಟಾರು ರಸ್ತೆ. ಬಸ್ಸು, ಕಬ್ಬಿನ ಲಾರಿ, ಎತ್ತಿನ ಗಾಡಿ ಎಲ್ಲ ಅದರ ಮೇಲೇ. ಇನ್ನೊಂದು ನಾಲೆ ಏರಿ. ದೂರ ಕಡಿಮೆ, ನೆರಳು ಹೆಚ್ಚು, ಜನ ಇಲ್ಲ. ಮಾದೇವಿ ಸ್ಟೇಷನ್ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೆಳಗಿನ ಬ್ಯಾಚಿಗೆ ಹೋಗುತ್ತಿದ್ದಳು. "ಟಾರು ರಸ್ತೇಲೇ ಓಗು" ಎಂದು ಅಪ್ಪ ಸೋಮಯ್ಯ ಕಟ್ಟಪ್ಪಣೆ ಮಾಡಿದ್ದ. ಹೋಗುತ್ತಲೂ ಇದ್ದಳು. ಒಂದು ದಿನ ಕಬ್ಬಿನ ಲಾರಿಯೊಂದು ಅವಳನ್ನು ಚರಂಡಿಗೆ ಇಳಿಸಿತು. ಮಾರನೆಯ ದಿನದಿಂದ ಯಾರಿಗೂ ಹೇಳದೆ ನಾಲೆ ದಾರಿ ಹಿಡಿದಿದ್ದಳು.

ಅವನ ಹೆಸರು ಚಿಕ್ಕಸ್ವಾಮಿ. ನಾಗಮಂಗಲದಾಚೆ ಹೊಣಕೆರೆ ಕಡೆಯವನು. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಗೊಬ್ಬರದ ಅಂಗಡಿಯಲ್ಲಿ ಮೂಟೆ ಎತ್ತುತ್ತಿದ್ದ. ಎರಡು ಸಲ ಸೆಲೆಕ್ಷನ್ನಿಗೆ ಹೋಗಿ ಓಟದಲ್ಲೇ ಫೇಲಾಗಿದ್ದ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ಮಾರನೆಯ ದಿನ ಮಾದೇವಿ ಸೇತುವೆಯ ಹತ್ತಿರ ಸೈಕಲ್ ನಿಲ್ಲಿಸಿ, ಚೈನು ಸರಿಮಾಡುವವಳಂತೆ ಬಗ್ಗಿ ಕುಳಿತಿದ್ದಳು. ಚೈನಿಗೆ ಏನೂ ಆಗಿರಲಿಲ್ಲ.

"ಚೈನ್ ಬಿದ್ದೋಯ್ತಾ?" ಎಂದ ಅವನು ಬಂದು.

"ಊಂ."

"ಯಾವ ಚೈನು? ನೆಟ್ಟಗೇ ಅದಲ್ಲ."

"ಓಡಕ್ಕೆ ಬಂದ್ಯಾ, ರಿಪೇರಿಗೆ ಬಂದ್ಯಾ?" ಎಂದವಳೇ ಸೀಟಿಗೆ ಏರಿ ಹೊರಟುಬಿಟ್ಟಳು.

ಆಮೇಲೆ ದಿನವೂ ಅದೇ. ಸೇತುವೆಯಿಂದ ತೂಬಿನವರೆಗೆ ಅವಳು ಮುಂದೆ, ಅವನು ಹಿಂದೆ. ಅವನು ಸೋತರೆ ಅವಳು ಬೆಲ್ಲು ಬಾರಿಸುವಳು. ಒಂದು ಸಲ ಬಾರಿಸಿದರೆ "ಬಾ" ಎಂದು, ಎರಡು ಸಲ ಬಾರಿಸಿದರೆ "ನಾಚಿಕೆ ಆಗಲ್ವಾ" ಎಂದು. ತೂಬಿನ ಕಟ್ಟೆಯ ಮೇಲೆ ಅವನು ಕಾಲು ಚಾಚಿ ಬೀಳುವನು. ಅವಳು ಕ್ಯಾರಿಯರಿನ ಬುತ್ತಿಯಿಂದ ಒಂದು ಬೆಲ್ಲದ ಚೂರು ತೆಗೆದು, ಅವನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ದೂರ ಸರಿಯುವಳು.

"ಕೈಗೆ ಕೊಟ್ರೆ ಕೈ ಸವೆದೋಯ್ತದಾ?"

"ನಿನ್ ಕೈ ತುಂಬ ಗೊಬ್ಬರದ ವಾಸ್ನೆ."

ಅವನು ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಳ್ಳುವನು. ಅವಳು ನೋಡದವಳ ಹಾಗೆ ನೋಡುವಳು. ಸೈಕಲ್ಲಿನ ಬೆಲ್ಲಿನ ಬಟ್ಟಲಲ್ಲಿ ಹಿಂದೆ ಓಡಿಬರುವ ಅವನು ಹುಳುವಿನಷ್ಟು ಚಿಕ್ಕದಾಗಿ ಕಾಣುತ್ತಿದ್ದ. ಅದಕ್ಕೋಸ್ಕರ ರಾತ್ರಿ ಊಟವಾದ ಮೇಲೆ ಬೂದಿ ಹಾಕಿ ಬೆಲ್ಲನ್ನು ಉಜ್ಜುವಳು. ಅಮ್ಮ ಪುಟ್ಟತಾಯಮ್ಮ ಕೇಳಿದರೆ, "ತುಕ್ಕು ಹಿಡಿದದೆ ಕಣವ್ವ" ಎನ್ನುವಳು.

ಬೇಸಿಗೆ ಬಂತು. ನಾಲೆಗೆ ನೀರು ನಿಲ್ಲಿಸಿದರು. ಹುಡುಗರು ನಾಲೆಯೊಳಗೇ ಕ್ರಿಕೆಟ್ ಆಡತೊಡಗಿದರು. ಒಂದು ದಿನ ಚಿಕ್ಕಸ್ವಾಮಿ ತೂಬಿನವರೆಗೂ ಅವಳ ಚಕ್ರದಿಂದ ಒಂದು ಮಾರೂ ಹಿಂದೆ ಬೀಳದೆ ಓಡಿದ. ಆ ದಿನ ಅವಳು ಬೆಲ್ಲವನ್ನು ಕಟ್ಟೆಯ ಮೇಲೆ ಇಡಲಿಲ್ಲ. ಅಂಗೈ ಮೇಲಿಟ್ಟು ಚಾಚಿದಳು. ಅವನು ಬೆಲ್ಲ ತೆಗೆದುಕೊಳ್ಳದೆ ಅಂಗೈಯನ್ನೇ ನೋಡುತ್ತಾ ನಿಂತ.

"ಕರಗೋಯ್ತದೆ, ತಕ್ಕ."

"ಕರಗಲಿ ಬುಡು. ಕೆಲ್ಸ ಸಿಕ್ತಿದ್ದಂಗೆ ನಿಮ್ಮಪ್ಪನ್ನ ಕೇಳ್ತೀನಿ ಮಾದೇವಿ."

ಅವಳು ಸೈಕಲ್ ಹತ್ತಿ ತುಂಬ ದೂರ ಹೋದಮೇಲೆ ಒಂದೇ ಒಂದು ಸಲ ಬೆಲ್ಲು ಬಾರಿಸಿದಳು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ವಾರದೊಳಗೆ ಅತ್ತೆ ಚಲುವಮ್ಮ ಎದುರಾದಳು.

ಚಲುವಮ್ಮ ಸೋಮಯ್ಯನ ಅಕ್ಕ. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕಬ್ಬಿನ ಗದ್ದೆಯಿಂದ ಏರಿಗೆ ಹತ್ತಿದಳು. ಎದುರಿಗೆ ಇವರಿಬ್ಬರು, ತೂಬಿನ ಕಟ್ಟೆಯ ಮೇಲೆ, ಒಂದೇ ಡಬ್ಬಿಯಿಂದ ಅವಲಕ್ಕಿ ತಿನ್ನುತ್ತಿದ್ದರು.

"ಏನವ್ವ ಇದು, ಟಾರು ರಸ್ತೆ ಬುಟ್ಟು ಇಲ್ಲಿ? ಯಾರವ್ವ ಇವ್ನು?"

ಮಾದೇವಿಗೆ ಅಪ್ಪನ ಬೆಲ್ಟು ಕಣ್ಣೆದುರು ಬಂತು. ಟೈಪಿಂಗ್ ಬಿಡಿಸಿ ಮನೆಯಲ್ಲಿ ಕೂರಿಸುವುದು ಕಣ್ಣೆದುರು ಬಂತು. ಬಾಯಿ ತಾನೇ ಮಾತಾಡಿಬಿಟ್ಟಿತು.

"ಅಣ್ಣ ಕಣತ್ತೆ. ಟಾರು ರಸ್ತೇಲಿ ಲಾರಿ ಕಾಟ, ಇಲ್ಲಿ ನಾಯಿ ಕಾಟ. ಒಬ್ಳೇ ಬತ್ತಾಳಲ್ಲ ಅಂತ ಜೊತೆಗೆ ಬತ್ತಾರೆ. ಅಣ್ಣ ಅಂತ್ಲೇ ಕರೆಯೋದು ನಾನು."

ಚಿಕ್ಕಸ್ವಾಮಿ ಬಾಯಿಗೆ ಹಾಕಿಕೊಂಡ ಅವಲಕ್ಕಿಯನ್ನು ನುಂಗಲಾರದೆ ಕೆಮ್ಮಿದ.

ಚಲುವಮ್ಮ ಹೊರೆ ಇಳಿಸಿ ಕುಳಿತಳು. ಹುಲ್ಲು ಕುಯ್ಯುವವಳಿಗೆ ಅವಸರವೇ ಇರಲಿಲ್ಲ. ಯಾವೂರು, ಯಾರ ಮಗ, ಯಾವ ದೇವರ ಒಕ್ಕಲು, ಅಜ್ಜಿಯ ತೌರು ಯಾವುದು, ಎಲ್ಲ ಕೇಳಿದಳು. ಕೇಳಿ ಬೆರಳು ಮಡಿಚಿ ಮಡಿಚಿ ನಂಟು ಕೂಡಿಸಿದಳು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕಳು.

"ಅಯ್ ಶಿವನೇ! ನಿಮ್ಮಜ್ಜಿ ನಮ್ಮವ್ವನ ತೌರಿನೋಳು ಕಣಪ್ಪ. ವರಸೆ ಇಡಿದ್ರೆ ನೀನು ಇವ್ಳಿಗೆ ಮಾವನ ಮಗ ಆಗ್ಬೇಕಿತ್ತು. ಇನ್ನೇನು ಮಾಡಾದು, ಬಾಯ್ತುಂಬ ಅಣ್ಣ ಅಂದವ್ಳೆ. ಅದೇ ಇರ್ಲಿ ಬುಡು. ಗಂಡು ಮಕ್ಳಿಲ್ಲದ ಮನೆ, ಒಬ್ಬ ಅಣ್ಣ ಆದ."

ಹೊರೆ ಹೊತ್ತು ಅವಳು ಹೋದಳು. ಮಾವನ ಮಗ. ಕೇಳಿದ್ದರೆ ಕೊಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಒಂದೇಟು ತಿಂದಿದ್ದರೂ ಸಾಕಿತ್ತು, ಹಾದಿ ತೆರೆದೇ ಇರುತ್ತಿತ್ತು.

"ಏನೂ ಆಗಾಕಿಲ್ಲ" ಎಂದ ಚಿಕ್ಕಸ್ವಾಮಿ. "ಆಮ್ಯಾಕೆ ಹೇಳಿದ್ರಾಯ್ತು."

ಆಮೇಲೆ ಹೇಳುವುದು ದಿನದಿನಕ್ಕೂ ಕಷ್ಟವಾಯಿತು. ಮೂರು ಹೆಣ್ಣು ಹೆತ್ತ ಪುಟ್ಟತಾಯಮ್ಮ ಅವನನ್ನು ಮನೆಗೆ ಕರೆಸಿ ಊಟಕ್ಕಿಕ್ಕಿದಳು. ಮುದ್ದೆಯ ಮೇಲೆ ಮುದ್ದೆ ಹಾಕಿ, "ಓಡೋ ಮೈ, ತಿನ್ನು ಕಂದ" ಎಂದಳು. ಸೋಮಯ್ಯ ಕಾರ್ಖಾನೆಯಲ್ಲಿ ಫಿಟ್ಟರು. ಯಾರನ್ನೂ ಮೆಚ್ಚದವನು. ಅವನೂ ಚಿಕ್ಕಸ್ವಾಮಿಗೆ ತನ್ನ ಕಾರ್ಖಾನೆಯ ಕ್ಯಾಂಟೀನಿನಿಂದ ಮೈಸೂರು ಪಾಕು ತಂದುಕೊಟ್ಟ. ಚಿಕ್ಕಸ್ವಾಮಿ ಬಂದು ನಲ್ಲಿಯ ವಾಷರ್ ಹಾಕಿದ, ಟಿವಿಯ ಆಂಟೆನಾ ತಿರುಗಿಸಿದ, ಮಾದೇವಿಯ ತಂಗಿಯರಿಗೆ ಸೈಕಲ್ ಕಲಿಸಿದ. ಬಡಾವಣೆಯವರೆಲ್ಲ "ಸೋಮಯ್ಯನ ಮಗ" ಎಂದೇ ಕರೆದರು.

ಒಂದು ಲೆಕ್ಕಕ್ಕೆ ಅದು ಸುಖದ ಕಾಲ. ಮರೆಮಾಚುವ ಗೋಜಿಲ್ಲ. ನಡುಮನೆಯಲ್ಲಿ ಕುಳಿತು ಅವಳು ನೀರು ಕೊಟ್ಟರೆ, ಲೋಟದ ಅಂಚಿನ ಮೇಲಿಂದ ಅವನ ಕಣ್ಣು ಒಂದು ಗಳಿಗೆ ನಿಲ್ಲುವುದು. "ಸಾಕಾ ಅಣ್ಣ?" ಎಂದು ಅವಳು ಬೇಕೆಂದೇ ಕೇಳುವಳು. ಅವನು ಹಲ್ಲು ಕಡಿಯುವನು. ಆ ಮಾತಿನಲ್ಲಿ ಇಬ್ಬರೂ ಆಟವಾಡಿದರು. ಕೇಳುವವರಿಗೆ ಅದು ಆಟವಾಗಿರಲಿಲ್ಲ.

ಸೆಲೆಕ್ಷನ್ನಿನಲ್ಲಿ ಚಿಕ್ಕಸ್ವಾಮಿ ಮೊದಲಿಗನಾಗಿ ಓಡಿದ. ಪಟ್ಟಿಯಲ್ಲಿ ಹೆಸರು ಬಂತು. ಇನ್ನು ಪೊಲೀಸ್ ಸ್ಟೇಷನ್ನಿನಿಂದ ನಡತೆಯ ವರದಿ ಹೋಗಬೇಕು, ಅಷ್ಟೇ ಬಾಕಿ. ಅಷ್ಟರಲ್ಲಿ ಶ್ರಾವಣ ಬಂತು.

"ಈ ಸರ್ತಿ ಪಂಚಮಿಗೆ ನಮ್ಮನೇಲೂ ಬೆನ್ನು ತೊಳೀಬೇಕು" ಎಂದಳು ಪುಟ್ಟತಾಯಮ್ಮ. ಹೇಳುವಾಗ ಅವಳ ಕಣ್ಣು ತುಂಬಿತ್ತು. "ಅಕ್ಕಪಕ್ಕದೋರು ಮಾಡೋವಾಗ ಬಾಗ್ಲು ಹಾಕ್ಕಂಡು ಒಳಗೆ ಕೂತ್ಕತಿದ್ದೆ ಕಣವ್ವ ನಾನು."

ನಾಗರ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು, ಉಳಿದ ಹಾಲಿನಲ್ಲಿ ಹೂವು ಅದ್ದಿ, ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಬೆನ್ನಿಗೆ ಹಚ್ಚುತ್ತಾರೆ. ಹೊಟ್ಟೆ ತಣ್ಣಗಿರಲಿ, ಬೆನ್ನು ತಣ್ಣಗಿರಲಿ ಎನ್ನುತ್ತಾರೆ. ಬಾಯಲ್ಲಿ ಅಣ್ಣ ಎಂದದ್ದನ್ನು ಹೇಗಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಬೆನ್ನಿಗೆ ಹಾಲು ಹಾಕಿದಮೇಲೆ ಅವನು ಒಡಹುಟ್ಟಿದವನು. ಆ ಸೀಮೆಯಲ್ಲಿ ಅದಕ್ಕೆ ಎರಡನೆಯ ಮಾತಿಲ್ಲ.

ಹಬ್ಬದ ಹಿಂದಿನ ಬೆಳಿಗ್ಗೆ ನಾಲೆ ತುಂಬಿ ಹರಿಯುತ್ತಿತ್ತು. ಮಾದೇವಿ ಸೇತುವೆಯ ಮೇಲೇ ಅವನನ್ನು ತಡೆದಳು.

"ಇವತ್ತೇ ಹೇಳು ಅಪ್ಪಂಗೆ."

"ಇವತ್ತಾ? ವರದಿ ಇನ್ನೂ ಸ್ಟೇಷನ್ನಾಗೆ ಅದೆ ಮಾದೇವಿ. ನಿಮ್ಮಪ್ಪ ಸಿಟ್ನಾಗೆ ಓಗಿ ಒಂದು ಕಂಪ್ಲೇಂಟ್ ಕೊಟ್ರೆ ಮುಗೀತು. ಮೂಟೆ ಹೊರೋದೇ ಗತಿ. ಒಂದು ತಿಂಗ್ಳು ತಡಿ."

"ತಿಂಗ್ಳು ನಾನು ತಡೀತೀನಿ. ಪಂಚಮಿ ತಡೀತದಾ?"

"ಹಾಲು ತಾನೆ? ತೊಳ್ಕಂಡ್ರೆ ಓಯ್ತದೆ."

"ಓಗಾಕಿಲ್ಲ ಕಣೋ. ನಮ್ಮವ್ವಂಗೆ ಓಗಾಕಿಲ್ಲ. ನಂಗೂ ಓಗಾಕಿಲ್ಲ. ನನ್ ಕೈಯಾರ ಮಾಡ್ಬುಟ್ಟು ಆಮ್ಯಾಕೆ ನಿನ್ ಜೊತೆ ಎಂಗೆ ಬಾಳ್ಲಿ?"

ಅವನು ಕಾಲಿನಿಂದ ಒಂದು ಕಲ್ಲನ್ನು ನೀರಿಗೆ ತಳ್ಳಿದ. ಕೊನೆಗೆ, "ಆಯ್ತು, ನಾನು ಬರಾಕಿಲ್ಲ. ಹಬ್ಬಕ್ಕೆ ಊರಿಗೆ ಓಗ್ಬುಡ್ತೀನಿ. ಸಾಯಂಕಾಲದ ಬಸ್ಸಿಗೇ ಓಯ್ತೀನಿ" ಎಂದ.

"ಆಣೆ?"

"ನಿನ್ನಾಣೆ."

ಅವಳು ಸಮಾಧಾನದಿಂದ ನಿದ್ದೆ ಮಾಡಿದಳು. ಆದರೆ ಆ ಸಾಯಂಕಾಲ ಗೊಬ್ಬರದ ಲೋಡು ಬಂದು ಚಿಕ್ಕಸ್ವಾಮಿಗೆ ಬಸ್ಸು ತಪ್ಪಿತ್ತು. ಬೆಳಿಗ್ಗೆ ಸೋಮಯ್ಯ ತಾನೇ ಟಿವಿಎಸ್ ತೆಗೆದುಕೊಂಡು ಹೋಗಿ, ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದವನನ್ನು, "ಅವ್ವ ಕಾಯ್ತಾವ್ಳೆ, ಹತ್ತಲಾ" ಎಂದು ಕೂರಿಸಿಕೊಂಡು ಬಂದ.

ನಡುಮನೆಯಲ್ಲಿ ಮಣೆ ಹಾಕಿತ್ತು. ಸುತ್ತ ರಂಗೋಲಿ. ಚಲುವಮ್ಮ ಒಂದು ಮೂಲೆಯಲ್ಲಿ ತಂಬಿಟ್ಟು ಕಟ್ಟುತ್ತಿದ್ದಳು. ಪುಟ್ಟತಾಯಮ್ಮ ಮದುವೆಯ ಸೀರೆ ಉಟ್ಟಿದ್ದಳು. ಬಾಗಿಲು ಈ ಸಲ ಅಗಲಕ್ಕೆ ತೆರೆದಿತ್ತು.

ಚಿಕ್ಕಸ್ವಾಮಿ ಅಂಗಿ ಬಿಚ್ಚಿ ಮಣೆಯ ಮೇಲೆ ಕುಳಿತ. ಮಾದೇವಿಯ ಮುಖ ನೋಡಲಿಲ್ಲ.

ಅವಳು ಹಾಲಿನ ಬಟ್ಟಲು ಹಿಡಿದು ಅವನ ಹಿಂದೆ ನಿಂತಳು. ಏಳು ತಿಂಗಳು ಅವಳು ಮುಂದೆ, ಅವನು ಹಿಂದೆ. ಅವನ ಬೆನ್ನನ್ನು ಅವಳು ಸರಿಯಾಗಿ ಕಂಡೇ ಇರಲಿಲ್ಲ. ಮೂಟೆ ಹೊತ್ತು ಹೊತ್ತು ಭುಜದ ಮೇಲೆ ಚರ್ಮ ಒರಟಾಗಿತ್ತು. ಕತ್ತಿನ ಕೆಳಗೆ ಒಂದು ಹಳೆಯ ಗಾಯದ ಗುರುತು. ಉಸಿರಾಡಿದಾಗ ಬೆನ್ನಹುರಿ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. ಅಲ್ಲಿ ಕೈಯಿಡಬೇಕು ಅನ್ನಿಸಿತು. ಹೀಗೆ ಅಲ್ಲ.

"ಹಚ್ಚವ್ವ, ಹೊತ್ತಾಯ್ತದೆ" ಎಂದಳು ತಾಯಿ.

ಮಾದೇವಿ ಬಟ್ಟಲನ್ನು ಕೆಳಗಿಟ್ಟಳು.

"ನಾನು ಹಚ್ಚಾಕಿಲ್ಲ. ಇವ್ರು ನಂಗೆ ಅಣ್ಣ ಅಲ್ಲ."

ತಂಬಿಟ್ಟು ಕಟ್ಟುತ್ತಿದ್ದ ಚಲುವಮ್ಮನ ಕೈ ನಿಂತಿತು.

"ಅತ್ತೆಗೆ ಎದ್ರಿ ಅವತ್ತು ಅಂಗಂದೆ. ಸುಳ್ಳು ಹೇಳ್ದೆ. ಇವ್ರನ್ನ ಮದ್ವೆ ಆಗ್ಬೇಕು ಅಂತ ಅಂದ್ಕಂಡಿವ್ನಿ. ಇವ್ರೂ ಅಂಗೇ ಅಂದ್ಕಂಡವ್ರೆ. ಅತ್ತೇನೇ ಹೇಳವ್ರೆ, ವರಸೆಗೆ ಮಾವನ ಮಗ ಆಯ್ತಾರಂತೆ. ಒಡೀಬೇಕು ಅಂದ್ರೆ ಒಡೀರಿ. ಹಾಲು ಮಾತ್ರ ಹಾಕ್ಸಬ್ಯಾಡಿ."

ಸೋಮಯ್ಯ ಎದ್ದು ನಿಂತ. ಅವನ ಕಣ್ಣು ಮಗಳ ಮೇಲಿರಲಿಲ್ಲ, ಮಣೆಯ ಮೇಲೆ ಕುಳಿತವನ ಮೇಲಿತ್ತು.

"ಏನ್ಲಾ ಸ್ವಾಮಿ? ಅನ್ನ ಇಕ್ಕಿದ ಮನೆ ಕಣ್ಲಾ. ನಿಜವಾ ಇದು? ಹೇಳು. ಹೂಂ ಅಂದ್ರೆ ಇಲ್ಲಿಂದ ನೇರ ಸ್ಟೇಷನ್ನಿಗೆ ಓಯ್ತೀನಿ."

ಪುಟ್ಟತಾಯಮ್ಮ ಎದ್ದು ಬಂದು ಅವನ ಮುಂದೆ ಕುಳಿತು ಗಲ್ಲ ಹಿಡಿದಳು. "ಇಲ್ಲ ಅನ್ನಪ್ಪ. ಮಗೀಗೆ ಏನೋ ಭ್ರಮೆ. ಇಲ್ಲ ಅನ್ನು ಕಂದ."

ಮಾದೇವಿ ಕಾದಳು. ಅವಳಿಗೆ ಅನುಮಾನವೇ ಇರಲಿಲ್ಲ. ಅವನು ಈಗ ಏಳುತ್ತಾನೆ, ಅಂಗಿ ಹಾಕಿಕೊಳ್ಳುತ್ತಾನೆ, ಹೂಂ ಅನ್ನುತ್ತಾನೆ. ಏಟು ಬಿದ್ದರೆ ಇಬ್ಬರಿಗೂ ಬೀಳಲಿ.

ಚಿಕ್ಕಸ್ವಾಮಿಯ ಬೆನ್ನು ಒಮ್ಮೆ ಮೇಲೆದ್ದಿತು. ಹಾಗೇ ಕುಗ್ಗಿತು.

"ಏನೂ ಇಲ್ಲ ಕಣವ್ವ" ಎಂದ. "ತಮಾಸೆ ಮಾಡ್ತಾವ್ಳೆ." ಆಮೇಲೆ ತಿರುಗದೆಯೇ, ಗೋಡೆಗೆ ಹೇಳುವವನ ಹಾಗೆ, "ಹಚ್ಚು ತಂಗಿ" ಎಂದ.

ಪುಟ್ಟತಾಯಮ್ಮ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಚಲುವಮ್ಮ, "ಹೆಣ್ಣಿಗೆ ತಮಾಸೆಗೂ ಒಂದು ಮಿತಿ ಬ್ಯಾಡ್ವಾ" ಎಂದು ಮತ್ತೆ ತಂಬಿಟ್ಟು ಕಟ್ಟಿದಳು. ಸೋಮಯ್ಯ ಕುಳಿತ.

ಮಾದೇವಿ ಬಟ್ಟಲು ತೆಗೆದುಕೊಂಡಳು. ಹಾಲಿನಲ್ಲಿ ಸೇವಂತಿಗೆ ಅದ್ದಿದಳು. ಹಚ್ಚಿದಳು. ಹೂವು ಜಾರಿ ಕೆಳಗೆ ಬಿತ್ತು, ಬೆರಳು ಅವನ ಮೈಗೆ ತಾಗಿತು. ಬೆಚ್ಚಗಿತ್ತು. ಹಾಲು ಬೆನ್ನಿನ ನಡುವಿನ ಹಳ್ಳದಲ್ಲಿ ಸಣ್ಣಗೆ ಹರಿದು ಮಣೆಗೆ ಇಳಿಯಿತು.

"ಹೊಟ್ಟೆ ತಣ್ಣಗಿರ್ಲಿ" ಎಂದಳು. "ಬೆನ್ನು ತಣ್ಣಗಿರ್ಲಿ."

ಮಾರನೆಯ ಬೆಳಿಗ್ಗೆ ನಾಲೆ ಏರಿಯ ಮೇಲೆ ಅವನು ಓಡುತ್ತಾ ಬಂದ. ಬನಿಯನ್ನು, ಚಡ್ಡಿ ಅಲ್ಲ. ಪ್ಯಾಂಟು, ಚಪ್ಪಲಿ. ಚಪ್ಪಲಿ ಒಂದು ಕಿತ್ತುಹೋಗಿ ಕೈಗೆ ಬಂದಿತ್ತು.

"ಮಾದೇವಿ, ನಿಲ್ಲು. ಒಂದು ಮಾತು."

ಅವಳು ಇಳಿದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದ. ಅವಳು ಸುಮ್ಮನೆ ಹ್ಯಾಂಡಲ್ ಹಿಡಿದು ನಿಂತಳು. ಕಣ್ಣು ಊದಿಕೊಂಡಿತ್ತು.

"ಆರ್ಡರ್ ಬಂದ್ಬುಡ್ಲಿ. ಬಂದು ನಿಮ್ಮಪ್ಪನ ಕಾಲು ಇಡೀತೀನಿ. ಎಲ್ಲಾನೂ ಹೇಳ್ತೀನಿ."

"ಏನಂತ? ಅವತ್ತು ಸುಳ್ಳು ಹೇಳ್ದೆ ಅಂತ್ಲಾ?"

"ಹೂಂ."

"ನಾನೂ ಎದ್ರಿನೇ ಸುಳ್ಳು ಹೇಳಿದ್ದು ಸ್ವಾಮಿ. ಅದ್ಕೆ ನಿನ್ನ ಬೈಯಾಕೆ ನಂಗೆ ಬಾಯಿಲ್ಲ. ಆದ್ರೆ ನಾನು ಎಲ್ಲಾರ ಮುಂದೆ ಅಣ್ಣ ಅಲ್ಲ ಅಂದೆ. ಅದಾದ ಮ್ಯಾಲೆ ನೀನು ತಂಗಿ ಅಂದೆ. ಈಗ ನಮ್ಮವ್ವ ನಿಂಗೆ ಕಜ್ಜಾಯ ಕಟ್ಟಿಟ್ಟವ್ಳೆ, ಟ್ರೈನಿಂಗಿಗೆ ತಕ್ಕಂಡು ಓಗ್ಲಿ ಮಗ ಅಂತ. ಅವಳ ಕೈಯಿಂದ ಆ ಮಗನ್ನ ನೀನು ಎಂಗೆ ಕಿತ್ಕತೀಯ?"

ಅವನು ಕೈಯಲ್ಲಿದ್ದ ಚಪ್ಪಲಿಯನ್ನು ಅತ್ತಿತ್ತ ತಿರುಗಿಸಿದ.

"ನನ್ ಮೇಲೆ ಕ್ವಾಪ ಅದಾ?"

"ಕ್ವಾಪ ಇದ್ದಿದ್ರೆ ಎಷ್ಟೋ ಸುಲಭವಾಗಿತ್ತು."

ಅವಳು ಕೈ ಚಾಚಿ ಅವನ ಅಂಗಿಯ ಕಾಲರು ಸರಿಮಾಡಿದಳು. ಅವನು ಆ ಕೈಯನ್ನು ಹಿಡಿದುಕೊಂಡ. ಒಂದು ಗಳಿಗೆ ಬಿಟ್ಟಳು. ಆಮೇಲೆ ಮೆಲ್ಲಗೆ ಬಿಡಿಸಿಕೊಂಡಳು.

"ಒಳ್ಳೆ ಪೊಲೀಸಾಗು. ಹೊತ್ತಿಗೆ ಸರಿಯಾಗಿ ಉಣ್ಣು. ಹಬ್ಬಕ್ಕೆ ಅವ್ವ ಕರುದ್ರೆ ಬಾ, ಅವಳನ್ನ ನೋಯಿಸ್ಬ್ಯಾಡ. ನಾನು ಇರೋವಾಗ ಮಾತ್ರ ಬರ್ಬ್ಯಾಡ."

ಹೇಳಿ ಸೈಕಲ್ ಹತ್ತಿದಳು. ಹಿಂದಿನಿಂದ ಹೆಜ್ಜೆಯ ಸದ್ದು ಬರಲಿಲ್ಲ.

ಇನ್‌ಸ್ಟಿಟ್ಯೂಟಿಗೆ ಹೋದಾಗ ಬ್ಯಾಚು ಶುರುವಾಗಿತ್ತು. ಹೆಂಚಿನ ಕೊಠಡಿ, ಉದ್ದಕ್ಕೂ ಮಷಿನ್ನು, ಕಿವಿ ಕಿವುಡಾಗುವಷ್ಟು ಸದ್ದು. ಮಾದೇವಿ ತನ್ನ ಜಾಗದಲ್ಲಿ ಕುಳಿತು ಹಾಳೆ ಹಾಕಿದಳು. ಪಾಠದ ಪುಸ್ತಕವನ್ನು ಮುಖದ ಮುಂದೆ ಎತ್ತರಕ್ಕೆ ನಿಲ್ಲಿಸಿಕೊಂಡಳು. ಬೆರಳು ತಾವಾಗಿಯೇ ಓಡಿದವು. ಆಮೇಲೆ ಅವಳು ಅತ್ತಳು, ಬಾಯಿಬಿಟ್ಟು, ದನಿ ತೆಗೆದು, ರಾತ್ರಿಯೆಲ್ಲ ತಂಗಿಯರ ಪಕ್ಕದಲ್ಲಿ ಅಳಲಾಗದೆ ತಡೆದಿದ್ದದ್ದನ್ನೆಲ್ಲ. ಅಷ್ಟು ಮಷಿನ್ನುಗಳ ಸದ್ದಿನಲ್ಲಿ ಅಕ್ಕಪಕ್ಕದವರಿಗೂ ಅದು ಕೇಳಲಿಲ್ಲ.

ಹಿಂದಿನ ಸಾಲಿನಲ್ಲಿ ನಡೆದಾಡುತ್ತಿದ್ದ ಮಾಸ್ತರು ಅವಳ ಕುರ್ಚಿಯ ಹಿಂದೆ ಒಂದು ಗಳಿಗೆ ನಿಂತು, ತಲೆಯಾಡಿಸಿದರು.

"ಇವತ್ತು ಸ್ಪೀಡು ಬಂದದೆ ಕಣಮ್ಮ ನಿಂಗೆ" ಎಂದರು. "ನಿಲ್ಲಿಸ್ಬ್ಯಾಡ."